ನೋಡಿದ ಮೇಲೆಯೇ ಒಟಿಪಿ

(ಮಲೆನಾಡಿನ ಪೇಟೆಯೊಂದರಲ್ಲಿ ದಶಕಗಳಿಂದ ಜನರ ಆದಾಯ ತೆರಿಗೆ ರಿಟರ್ನ್ ತುಂಬುತ್ತ ಬಂದಿರುವ ತೆರಿಗೆ ಸಲಹೆಗಾರರೊಬ್ಬರು, ಅವರ ಬಳಿ ಕೆಲಸ ಕಲಿತು ಈಗ ಸ್ವಂತ ಆಫೀಸು ತೆರೆಯಲು ಹೊರಟಿರುವ ಯುವತಿಯೊಬ್ಬಳು. ಆನ್‌ಲೈನ್‌ನಲ್ಲಿ ರಿಟರ್ನ್ ಸಲ್ಲಿಸುವಾಗ ಕ್ಲೈಂಟುಗಳ ಸಹಿಯನ್ನು ಹೇಗೆ ಪಡೆಯಬೇಕು ಎಂಬುದರ ಬಗ್ಗೆ ಇಬ್ಬರೂ ಆಡಿದ ಮಾತು ಇದು.)

ಕಿರಿಯಳು: ಸರ್, ಬೋರ್ಡು ಹಾಕೋ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು ಅಂತ ಬಂದೆ. ಜುಲೈ ಕೊನೇ ವಾರದಲ್ಲಿ ತೆರಿಗೆ ಆಫೀಸುಗಳಲ್ಲಿ ನಡೆಯೋದು ನಿಮಗೆ ಗೊತ್ತೇ ಇದೆ. ರಿಟರ್ನ್ ಸಿದ್ಧ ಆಗುತ್ತೆ, ಕ್ಲೈಂಟಿಗೆ ಫೋನ್ ಹೋಗುತ್ತೆ. “ನಿಮ್ಮ ಮೊಬೈಲಿಗೆ ಆರು ಅಂಕಿ ಬಂದಿದೆ, ಹೇಳಿ” ಅಂತೀವಿ. ಅವರು ಹೇಳ್ತಾರೆ, ಅಲ್ಲಿಗೆ ಮುಗೀತು. ಅವರು ಬಸ್ಸಲ್ಲಿರಬಹುದು, ತೋಟದಲ್ಲಿರಬಹುದು. ರಿಟರ್ನ್‌ನಲ್ಲಿ ಏನಿದೆ ಅಂತ ಕಣ್ಣಲ್ಲಿ ಕಂಡಿರೋದೇ ಇಲ್ಲ. ಇದನ್ನ ಸಹಿ ಅನ್ನಬಹುದಾ?

ಹಿರಿಯರು: ಕಾನೂನಿನ ದೃಷ್ಟಿಯಲ್ಲಿ ಖಂಡಿತ ಸಹಿಯೇ ಅಮ್ಮ. ಆ ಆರು ಅಂಕಿ ಆದಾಯ ತೆರಿಗೆ ಇಲಾಖೆಯ ಪೋರ್ಟಲ್ ಸೇರಿದ ಕೂಡಲೇ ಆ ಮನುಷ್ಯ ಒಂದು ಘೋಷಣೆ ಮಾಡಿದ ಹಾಗೆ. ಈ ರಿಟರ್ನ್‌ನಲ್ಲಿರೋದು ನನಗೆ ತಿಳಿದ ಮಟ್ಟಿಗೆ ಸರಿಯಾಗಿದೆ, ಪೂರ್ತಿಯಾಗಿದೆ ಅಂತ ಅವನೇ ಹೇಳಿದ ಹಾಗೆ. ಹೊರಬರೋ ಸ್ವೀಕೃತಿ ಪತ್ರ ತೆಗೆದು ನೋಡು. ಯಾರು ದೃಢೀಕರಿಸಿದರು, ಯಾವ ದಿನ, ಯಾವ ಐಪಿ ವಿಳಾಸದಿಂದ, ಆಧಾರ್ ಒಟಿಪಿಯೋ ಬೇರೆ ವಿಧಾನವೋ, ಎಲ್ಲಾ ಅಚ್ಚಾಗಿರುತ್ತೆ. ಅಂಕಿ ಒತ್ತಿದ್ದು ನಿನ್ನ ಬೆರಳು. ದಾಖಲೆಯಲ್ಲಿ ಉಳಿಯೋದು ಅವನ ಹೆಸರು.

ಕಿರಿಯಳು: ಹಿಂದೆ ಕಾಗದದಲ್ಲಿದ್ದಾಗ ಹೀಗಿರಲಿಲ್ಲ ಅಲ್ವಾ?

ಹಿರಿಯರು: ಆಗಲೂ ಓದದೆ ರುಜು ಹಾಕೋರು ಇದ್ದರು, ಅದನ್ನ ಮುಚ್ಚಿಡಬೇಕಾಗಿಲ್ಲ. ಆದರೆ ರುಜು ಹಾಕೋಕೆ ಮನುಷ್ಯ ಆಫೀಸಿಗೆ ಬರಬೇಕಿತ್ತು. ಕಾಗದ ಅವನ ಮುಂದೆ ಇರ್ತಿತ್ತು. “ಇದೇನು ಇಷ್ಟು ಬಡ್ಡಿ ತೋರಿಸಿದ್ದೀರಿ?” ಅಂತ ಕೇಳೋಕೆ ಒಂದು ಸಂದರ್ಭ ಸಿಗ್ತಿತ್ತು. 2006ರಲ್ಲಿ ಕಂಪನಿಗಳಿಗೆ ಆನ್‌ಲೈನ್ ಸಲ್ಲಿಕೆ ಕಡ್ಡಾಯ ಆಯ್ತು, ಆಮೇಲೆ ಮೆಲ್ಲಗೆ ಉಳಿದವರೂ ಬಂದರು. 2009ರಲ್ಲಿ ಬೆಂಗಳೂರಿನಲ್ಲಿ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ನಾವೆಲ್ಲ ಸಿಪಿಸಿ ಅನ್ನೋದು, ಶುರು ಆಯ್ತು. ಇಡೀ ದೇಶದ ಆನ್‌ಲೈನ್ ರಿಟರ್ನ್‌ಗಳು ನಮ್ಮ ರಾಜ್ಯಕ್ಕೇ ಬರತೊಡಗಿದವು. ರಿಟರ್ನ್ ಆನ್‌ಲೈನ್ ಹೋದರೂ, ಡಿಜಿಟಲ್ ಸಹಿ ಇಲ್ಲದವರ ಸಹಿ ಮಾತ್ರ ಕಾಗದದಲ್ಲೇ ಹೋಗಬೇಕಿತ್ತು. ಐಟಿಆರ್-ವಿ ಅನ್ನೋ ಒಂದು ಹಾಳೆ. ಅದನ್ನ ಪ್ರಿಂಟ್ ತೆಗೆದು, ನೀಲಿ ಶಾಯಿಯಲ್ಲಿ ಸಹಿ ಮಾಡಿಸಿ, ಸಾದಾ ಅಂಚೆಯಲ್ಲೋ ಸ್ಪೀಡ್ ಪೋಸ್ಟಿನಲ್ಲೋ ಬೆಂಗಳೂರಿಗೆ ಕಳಿಸಬೇಕು. ಜೆರಾಕ್ಸ್ ಮಾಡಿದ ಸಹಿ ಇದ್ದರೆ ತಿರಸ್ಕಾರ. ಆ ಹಾಳೆಯಲ್ಲಿ ಒಟ್ಟು ಆದಾಯ, ತೆರಿಗೆ, ರೀಫಂಡ್ ಎಲ್ಲಾ ಇರ್ತಿತ್ತು. ಸಹಿ ಹಾಕೋನ ಕಣ್ಣಿಗೆ ಅಷ್ಟಾದರೂ ಬೀಳ್ತಿತ್ತು.

ಕಿರಿಯಳು: ಆಮೇಲೆ ಒಟಿಪಿ ಬಂತು.

ಹಿರಿಯರು: 2015ರ ಜುಲೈನಲ್ಲಿ ಇವಿಸಿ, ಅಂದರೆ ವಿದ್ಯುನ್ಮಾನ ದೃಢೀಕರಣ ಸಂಕೇತ ಬಂತು. ಕ್ರಮೇಣ ನೆಟ್ ಬ್ಯಾಂಕಿಂಗ್ ಮೂಲಕ, ಬ್ಯಾಂಕ್ ಖಾತೆ ಮೂಲಕ, ಡಿಮ್ಯಾಟ್ ಖಾತೆ ಮೂಲಕ, ಆಧಾರ್‌ಗೆ ಜೋಡಿಸಿದ ಮೊಬೈಲ್ ಮೂಲಕ ದೃಢೀಕರಣ ಸಾಧ್ಯ ಆಯ್ತು. ಜನಕ್ಕೆ ನಿಜವಾಗಿ ಉಪಕಾರ ಆಯ್ತು ಅಮ್ಮ. ಐಟಿಆರ್-ವಿ ಅಂಚೆಯಲ್ಲಿ ಕಳೆದುಹೋಗಿ ಪರದಾಡಿದವರ ಕಷ್ಟ ನಾನು ಕಂಡಿದ್ದೀನಿ. ಆ ಕಾಗದದ ಕಾಲ ಮತ್ತೆ ಬರಲಿ ಅಂತ ನಾನು ಹೇಳೋದಿಲ್ಲ. ಆದರೆ ಒಟಿಪಿಯ ಸಂದೇಶ ತೆಗೆದು ಓದು. ನಿಮ್ಮ ಆದಾಯ ಇಷ್ಟು, ನೀವು ಕೇಳಿದ ವಿನಾಯಿತಿ ಇಷ್ಟು, ರೀಫಂಡ್ ಇಷ್ಟು ಅಂತ ಅದರಲ್ಲಿ ಒಂದು ಸಾಲೂ ಇರಲ್ಲ. ಸಹಿ ಹಾಕೋನ ಕೈಗೆ ಬರೋದು ಬರೀ ಅಂಕಿ. ಹಿಂದೆ ಆ ಹಾಳೆ ತಾನಾಗಿ ತೋರಿಸ್ತಿದ್ದದ್ದನ್ನ ಈಗ ರಿಟರ್ನ್ ತುಂಬೋ ನಾವು ಮುಂದಾಗಿ ತೋರಿಸಬೇಕು. ಆ ಕೆಲಸ ನಮ್ಮ ಹೆಗಲಿಗೆ ಬಂದಿದೆ. ನಮ್ಮಲ್ಲಿ ಬಹಳ ಜನ ಅದನ್ನ ಹೊತ್ತುಕೊಂಡಿಲ್ಲ.

ಕಿರಿಯಳು: ಹಾಗಾದರೆ ಫೋನಲ್ಲಿ ಒಟಿಪಿ ಕೇಳೋದೇ ತಪ್ಪು ಅಂತೀರಾ? ನಮ್ಮ ಕ್ಲೈಂಟುಗಳಲ್ಲಿ ಅರ್ಧ ಜನಕ್ಕೆ ಪೋರ್ಟಲ್ ತೆರೆಯೋಕೆ ಬರಲ್ಲ.

ಹಿರಿಯರು: ಎರಡನ್ನ ಬೇರೆ ಮಾಡಿ ನೋಡು. ಅಂಕಿ ಯಾರು ಒತ್ತಿದರು ಅನ್ನೋದು ಚಿಕ್ಕ ಪ್ರಶ್ನೆ. ಅಂಕಿ ಕೊಟ್ಟವನಿಗೆ ಏನಕ್ಕೆ ಕೊಡ್ತಿದ್ದೀನಿ ಅಂತ ಗೊತ್ತಿತ್ತಾ ಅನ್ನೋದು ದೊಡ್ಡ ಪ್ರಶ್ನೆ. ನೋಡದೆ ಕೊಟ್ಟ ಒಟಿಪಿ ಅಂದರೆ ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿಕೊಟ್ಟ ಹಾಗೆ. ತೆಗೆದುಕೊಂಡವನು ಎಷ್ಟೇ ಪ್ರಾಮಾಣಿಕನಾಗಿರಲಿ, ಅಂಥ ಚೆಕ್ಕನ್ನ ಕೇಳಿ ತೆಗೆದುಕೊಳ್ಳೋದು ಸರಿಯಲ್ಲ. ಆದಷ್ಟು ಮಟ್ಟಿಗೆ ಅಂಕಿಯನ್ನೂ ಅವರೇ ಒತ್ತಲಿ. ಪೋರ್ಟಲ್‌ಗೆ ಲಾಗಿನ್ ಆಗದೆಯೂ ದೃಢೀಕರಿಸೋ ದಾರಿ ಇದೆ, ನಿನಗೂ ಗೊತ್ತು. ಪ್ಯಾನ್, ಅಸೆಸ್‌ಮೆಂಟ್ ವರ್ಷ, ಸ್ವೀಕೃತಿ ಸಂಖ್ಯೆ, ಮೊಬೈಲ್ ಸಂಖ್ಯೆ ಇದ್ದರೆ ಸಾಕು. ಬೆಂಗಳೂರಲ್ಲಿರೋ ಮಗನೋ ಕಾಲೇಜಿಗೆ ಹೋಗೋ ಮೊಮ್ಮಗಳೋ ಮನೆಯಲ್ಲಿದ್ದರೆ ಐದು ನಿಮಿಷದ ಕೆಲಸ. ಅದು ಆಗದವರಿಗೆ ನೀನು ಒತ್ತಿಕೊಡು. ಆದರೆ ತೋರಿಸಿದ ಮೇಲೆ.

ಕಿರಿಯಳು: ನನ್ನ ಜೊತೆ ಓದಿದವಳೊಬ್ಬಳು ಬೆಂಗಳೂರಲ್ಲಿ ಅಮೆರಿಕದ ತೆರಿಗೆ ರಿಟರ್ನ್ ತಯಾರಿಸೋ ಕೆಲಸದಲ್ಲಿದ್ದಾಳೆ. ಅಲ್ಲಿನ ಪದ್ಧತಿ ಹೇಳಿದಾಗ ಆಶ್ಚರ್ಯ ಆಯ್ತು. ಅಲ್ಲಿ ಫಾರಂ 8879 ಅಂತ ಒಂದಿದೆಯಂತೆ. ರಿಟರ್ನ್ ಪೂರ್ತಿ ಸಿದ್ಧವಾದ ಮೇಲೆ ಅದರ ಪ್ರತಿಯನ್ನ ತೆರಿಗೆದಾರನಿಗೆ ಕೊಡಬೇಕು. ಅವನು ನೋಡಿ, ಮುಖ್ಯ ಮೊತ್ತಗಳಿರೋ ಆ ಫಾರಂಗೆ ಸಹಿ ಹಾಕಿ, ನನ್ನ ಐದು ಅಂಕಿಯ ಪಿನ್ ಅನ್ನ ನೀವೇ ನಮೂದಿಸಬಹುದು ಅಂತ ಅಧಿಕಾರ ಕೊಡಬೇಕು. ಸಹಿ ಕೈಗೆ ಬರೋವರೆಗೆ ರಿಟರ್ನ್ ಕಳಿಸೋ ಹಾಗೇ ಇಲ್ಲ. ಗಂಡ ಹೆಂಡತಿ ಜಂಟಿ ರಿಟರ್ನ್ ಆದರೆ ಇಬ್ಬರೂ ಸಹಿ ಮಾಡಬೇಕು.

ಹಿರಿಯರು: ಆ ಫಾರಂ ಸರ್ಕಾರಕ್ಕೆ ಹೋಗುತ್ತಾ?

ಕಿರಿಯಳು: ಕೇಳದ ಹೊರತು ಇಲ್ಲ. ತಯಾರಿಸಿದವರೇ ಮೂರು ವರ್ಷ ಇಟ್ಟುಕೊಂಡಿರಬೇಕು, ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಕೇಳಿದರೆ ತೋರಿಸಬೇಕು. ದೂರದಿಂದ ಕಂಪ್ಯೂಟರಲ್ಲೇ ಸಹಿ ಮಾಡೋದಾದರೆ, ಅವನು ಅವನೇ ಹೌದಾ ಅಂತ ಗುರುತು ಖಾತ್ರಿ ಮಾಡಿಕೊಳ್ಳೋ ಪ್ರಶ್ನೆಗಳಿರುತ್ತವೆ. ಮೂರು ಸಲ ತಪ್ಪಿದರೆ ಪೆನ್ನಿನಲ್ಲೇ ಸಹಿ ಹಾಕಿ ಕಳಿಸಬೇಕು. ನನಗೆ ಹಿಡಿಸಿದ್ದು ಇನ್ನೊಂದು. ಸಹಿ ಆದ ಮೇಲೆ ಲೆಕ್ಕ ಬದಲಾಯ್ತು ಅಂತಿಟ್ಟುಕೊಳ್ಳಿ. ಒಟ್ಟು ಆದಾಯದಲ್ಲಿ 50 ಡಾಲರ್‌ಗಿಂತ ಹೆಚ್ಚು, ಇಲ್ಲವೇ ತೆರಿಗೆ, ರೀಫಂಡ್ ಇಂಥದ್ದರಲ್ಲಿ 14 ಡಾಲರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹೊಸದಾಗಿ ಸಹಿ ತೆಗೆದುಕೊಳ್ಳಬೇಕು.

ಹಿರಿಯರು: ಬಹಳ ಒಳ್ಳೇ ನಿಯಮ. ಒಪ್ಪಿಗೆ ಯಾವ ಮೊತ್ತಕ್ಕೆ ಸಿಕ್ಕಿತೋ ಆ ಮೊತ್ತಕ್ಕೇ ಸಲ್ಲುತ್ತೆ ಅನ್ನೋದನ್ನ ಅಲ್ಲಿ ಡಾಲರ್ ಲೆಕ್ಕದಲ್ಲೇ ಹೇಳಿಟ್ಟಿದ್ದಾರೆ. ನಮ್ಮ ವ್ಯವಸ್ಥೆಯ ಕ್ರಮ ಬೇರೆ. ಇಲ್ಲಿ ಮೊದಲು ಸಲ್ಲಿಕೆ, ಆಮೇಲೆ ದೃಢೀಕರಣ. ದೃಢೀಕರಣಕ್ಕೆ ಹಿಂದೆ 120 ದಿನ ಇತ್ತು. 2022ರ ಆಗಸ್ಟ್ 1ರಿಂದ 30 ದಿನ ಆಯ್ತು. ಆ ಅವಧಿಯೊಳಗೆ ಮಾಡಿದರೆ ಸಲ್ಲಿಸಿದ ದಿನವೇ ಲೆಕ್ಕಕ್ಕೆ. ಮೀರಿದರೆ ದೃಢೀಕರಿಸಿದ ದಿನವೇ ಸಲ್ಲಿಸಿದ ದಿನ ಅಂತ ಎಣಿಸ್ತಾರೆ. ಅಷ್ಟರಲ್ಲಿ ಕೊನೇ ದಿನಾಂಕ ದಾಟಿದ್ದರೆ ಆದಾಯ ತೆರಿಗೆ ಕಾಯ್ದೆಯ 234ಎಫ್ ಪ್ರಕಾರ ತಡದ ಶುಲ್ಕ ಬೀಳುತ್ತೆ. ಐದು ಲಕ್ಷದವರೆಗಿನ ಆದಾಯಕ್ಕೆ 1,000 ರೂಪಾಯಿ, ಅದರ ಮೇಲಿನವರಿಗೆ 5,000. ಐಟಿಆರ್-ವಿಯನ್ನ ಅಂಚೆಯಲ್ಲಿ ಕಳಿಸೋರಿಗೆ ಅದು ಸಿಪಿಸಿಗೆ ತಲುಪಿದ ದಿನವೇ ಈಗ ಲೆಕ್ಕ. ಈ 30 ದಿನವನ್ನ ಹೆಚ್ಚಿನವರು ಬರೀ ಗಡುವು ಅಂತ ನೋಡ್ತಾರೆ. ನಾನು ಅದನ್ನ ಕ್ಲೈಂಟಿಗೆ ಓದೋಕೆ ಸಿಕ್ಕ ಸಮಯ ಅಂತ ಬಳಸ್ತೀನಿ. ಅದಕ್ಕಿಂತ ಮೇಲು, ಸಲ್ಲಿಸೋ ಮೊದಲೇ ತೋರಿಸೋದು.

ಕಿರಿಯಳು: ಮಾತಿಗೆ ಸರಿ ಸರ್. ಆದರೆ ಜುಲೈ 31 ಹತ್ತಿರ ಬಂದಾಗ ರಾತ್ರಿ ಹನ್ನೊಂದಕ್ಕೂ ಆಫೀಸು ತೆರೆದಿರುತ್ತೆ, ಪೋರ್ಟಲ್ ನಿಧಾನ ಆಗಿರುತ್ತೆ. ಒಬ್ಬೊಬ್ಬರಿಗೂ ತೋರಿಸ್ತಾ ಕೂತರೆ ಅರ್ಧ ಜನರ ರಿಟರ್ನ್ ಉಳಿದುಹೋಗುತ್ತೆ. ಅವರು ದಂಡ ಕಟ್ಟಬೇಕಾಗುತ್ತೆ. ಅದೂ ನಮ್ಮ ಜವಾಬ್ದಾರಿಯೇ ಅಲ್ವಾ?

ಹಿರಿಯರು: ಹೌದು, ಅದೂ ಜವಾಬ್ದಾರಿಯೇ. ಅದಕ್ಕೇ ಹೇಳ್ತೀನಿ, ತೋರಿಸೋದು ಒಂದು ಪದ್ಧತಿ ಆಗಬೇಕು, ಉಪದೇಶ ಆಗಿ ಉಳಿದರೆ ಜುಲೈನಲ್ಲಿ ಸತ್ತುಹೋಗುತ್ತೆ. ನಾನು ಪಾಲಿಸೋ ಕ್ರಮ ಇದು. ರಿಟರ್ನ್ ಸಿದ್ಧ ಆದ ಕೂಡಲೇ ಒಂದು ಪುಟದ ಸಾರಾಂಶ ಕನ್ನಡದಲ್ಲಿ ತಯಾರಾಗುತ್ತೆ. ಸಂಬಳ ಅಥವಾ ಪೆನ್ಷನ್ ಎಷ್ಟು, ಬ್ಯಾಂಕ್ ಬಡ್ಡಿ ಎಷ್ಟು, ವ್ಯಾಪಾರದ ಲಾಭ ಎಷ್ಟು, ಅಡಿಕೆ ತೋಟದ ಕೃಷಿ ಆದಾಯ ಎಂದು ತೋರಿಸಿದ್ದು ಎಷ್ಟು. ತೆರಿಗೆ ಲೆಕ್ಕ ಹಳೇ ಪದ್ಧತಿಯಲ್ಲೋ ಹೊಸ ಪದ್ಧತಿಯಲ್ಲೋ. ಯಾವ ಯಾವ ಕಡಿತ ಕೇಳಿದ್ದೀವಿ, ಪ್ರತಿಯೊಂದಕ್ಕೂ ದಾಖಲೆ ಕೊಟ್ಟಿದ್ದಾರಾ. ಟಿಡಿಎಸ್ ಎಷ್ಟು ಕಡಿತ ಆಗಿದೆ. ಕಟ್ಟಬೇಕಾದ್ದು ಎಷ್ಟು ಅಥವಾ ವಾಪಸ್ ಬರೋದು ಎಷ್ಟು, ಅದು ಯಾವ ಖಾತೆಗೆ ಬರುತ್ತೆ. ಇಷ್ಟೇ. ಈ ಪುಟ, ಜೊತೆಗೆ ಪೂರ್ತಿ ರಿಟರ್ನ್‌ನ ಕರಡು, ಎರಡೂ ವಾಟ್ಸ್ಆ್ಯಪ್‌ಗೆ ಹೋಗುತ್ತೆ. ‘ನೋಡಿದೆ, ಒಪ್ಪಿಗೆ’ ಅಂತ ಉತ್ತರ ಬಂದ ಮೇಲೆಯೇ ಸಲ್ಲಿಕೆ. ಆ ಉತ್ತರದ ಪ್ರತಿ ಅವರ ಫೈಲಿನಲ್ಲಿ ಉಳಿಯುತ್ತೆ. ಮೊಬೈಲ್ ಬಳಸದವರು ಆಫೀಸಿಗೆ ಬಂದು ಆ ಪುಟಕ್ಕೇ ರುಜು ಹಾಕ್ತಾರೆ. ಇದನ್ನ ಯಾವ ಕಾನೂನೂ ನಮಗೆ ಕಡ್ಡಾಯ ಮಾಡಿಲ್ಲ. ಆದರೂ ಮಾಡಬೇಕು.

ಕಿರಿಯಳು: ಕೆಲವರು ಓದೋದೇ ಇಲ್ಲ. ತೆರೆಯದೇನೇ ಒಪ್ಪಿಗೆ ಅಂತ ಕಳಿಸ್ತಾರೆ. ಓದಿದರೂ ಪಿಡಿಎಫ್ ಇಂಗ್ಲಿಷಲ್ಲಿರುತ್ತೆ. ನನಗನ್ನಿಸುತ್ತೆ, ಅಂಥವರಿಗೆ ಫೋನ್ ಮಾಡಿ ಸಾರಾಂಶವನ್ನ ಓದಿ ಹೇಳಬೇಕು. ಒಂದೊಂದು ಮೊತ್ತ ಹೇಳಿ, ಇದು ಸರಿಯಾ ಅಂತ ಕೇಳಬೇಕು. ಮೂರ್ನಾಲ್ಕು ನಿಮಿಷ ಹಿಡಿಯುತ್ತೆ.

ಹಿರಿಯರು: ನೀನು ಹೇಳಿದ್ದು ನನ್ನ ಕ್ರಮಕ್ಕಿಂತ ಒಳ್ಳೇದು. ಓದಿ ಹೇಳುವಾಗಲೇ ಬಿಟ್ಟುಹೋದದ್ದು ಹೊರಗೆ ಬರುತ್ತೆ. “ಅಯ್ಯೋ, ಸೊಸೈಟಿಯಲ್ಲಿ ಇನ್ನೊಂದು ಎಫ್‌ಡಿ ಇದೆಯಲ್ಲ” ಅಂತ ಆಗಲೇ ನೆನಪಾಗೋದು. ಇಲಾಖೆಯ ವಾರ್ಷಿಕ ಮಾಹಿತಿ ಹೇಳಿಕೆಯಲ್ಲಿ, ಅಂದರೆ ಎಐಎಸ್‌ನಲ್ಲಿ, ಎಲ್ಲಾ ಸಿಗುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ನೋಡಿ ಸಹಿ ಹಾಕೋದರಿಂದ ರಿಟರ್ನ್ ಕೂಡ ಸರಿಯಾಗುತ್ತೆ. ಇದನ್ನ ಬರೀ ಶಿಷ್ಟಾಚಾರ ಅಂತ ತಿಳಿದವರು ಈ ಲಾಭವನ್ನ ಕಾಣೋದೇ ಇಲ್ಲ.

ಕಿರಿಯಳು: ಸಲ್ಲಿಸಿದ ಮೇಲೆ ಕ್ಲೈಂಟ್ ತಪ್ಪು ಕಂಡುಹಿಡಿದರೆ?

ಹಿರಿಯರು: ದೃಢೀಕರಣ ಆಗಿಲ್ಲದಿದ್ದರೆ ಆ ರಿಟರ್ನ್ ಅನ್ನೇ ‘ಡಿಸ್ಕಾರ್ಡ್’ ಮಾಡಿ ಹೊಸದಾಗಿ ಸಲ್ಲಿಸಬಹುದು. 2023-24ನೇ ಅಸೆಸ್‌ಮೆಂಟ್ ವರ್ಷದಿಂದ ಆ ಅವಕಾಶ ಇದೆ. ದೃಢೀಕರಣ ಆಗಿದ್ದರೆ ಪರಿಷ್ಕೃತ ರಿಟರ್ನ್ ಹಾಕಬೇಕು. ಪರಿಷ್ಕೃತ ರಿಟರ್ನ್‌ಗೂ ಮತ್ತೆ ತೋರಿಸು, ಮತ್ತೆ ಒಪ್ಪಿಗೆ ತಗೊ. ಹಳೇ ಒಪ್ಪಿಗೆ ಹೊಸ ಲೆಕ್ಕಕ್ಕೆ ನಡೆಯೋದಿಲ್ಲ.

ಕಿರಿಯಳು: ಇನ್ನೊಂದು ಕಡೆ ನೋಡಿದ್ದೀನಿ ಸರ್. ಕ್ಲೈಂಟುಗಳ ಪೋರ್ಟಲ್ ಖಾತೆಯಲ್ಲಿ ಆಫೀಸಿನವರದ್ದೇ ಮೊಬೈಲ್ ಸಂಖ್ಯೆ, ಆಫೀಸಿನವರದ್ದೇ ಇ-ಮೇಲ್. ನೂರಾರು ಜನಕ್ಕೆ ಒಂದೇ ಪಾಸ್‌ವರ್ಡ್. ಕೇಳಿದರೆ, ಅನುಕೂಲಕ್ಕೆ ಅಂತಾರೆ.

ಹಿರಿಯರು: ಅದು ಅನುಕೂಲದ ಹೆಸರಿನಲ್ಲಿ ಮಾಡೋ ಅನ್ಯಾಯ. ರಿಟರ್ನ್ ದೋಷಪೂರಿತ ಅಂತ 139(9)ರ ನೋಟಿಸ್ ಬಂದರೆ, 143(1)ರ ಅಡಿಯಲ್ಲಿ ಹೊಂದಾಣಿಕೆಯ ಪ್ರಸ್ತಾಪ ಬಂದರೆ, ಅದು ಹೋಗೋದು ಆ ಇ-ಮೇಲಿಗೆ. ಉತ್ತರಕ್ಕೆ ದಿನಗಳ ಮಿತಿ ಇರುತ್ತೆ. ಯಾರ ಹಣವೋ ಯಾರ ಹೆಸರೋ ಅವನಿಗೆ ಸುದ್ದಿಯೇ ಮುಟ್ಟಲ್ಲ. 2025ರ ಜುಲೈ ನೆನಪಿದೆಯಾ? ಸುಳ್ಳು ಕಡಿತ, ಸುಳ್ಳು ವಿನಾಯಿತಿ ತೋರಿಸಿ ರೀಫಂಡ್ ಎತ್ತುತ್ತಿದ್ದ ಜಾಲಗಳ ಮೇಲೆ ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಪರಿಶೀಲನೆ ನಡೆಸಿತು. ಬಾಡಿಗೆ ಭತ್ಯೆ, ರಾಜಕೀಯ ಪಕ್ಷಗಳಿಗೆ ದೇಣಿಗೆ, ಶಿಕ್ಷಣ ಸಾಲದ ಬಡ್ಡಿ, ಆರೋಗ್ಯ ವಿಮೆ, ಕೈಗೆ ಸಿಕ್ಕ ಕಲಮಿನಲ್ಲೆಲ್ಲಾ ಸುಳ್ಳು. ಕೆಲವು ಮಧ್ಯವರ್ತಿಗಳು ಕಮಿಷನ್ ಲೆಕ್ಕದಲ್ಲಿ ಕೆಲಸ ಮಾಡ್ತಿದ್ದರು. ರಾಶಿ ರಾಶಿ ರಿಟರ್ನ್ ಸಲ್ಲಿಸೋಕೆ ಅಂತಲೇ ತಾತ್ಕಾಲಿಕ ಇ-ಮೇಲ್‌ಗಳನ್ನ ಸೃಷ್ಟಿಸಿ, ಆಮೇಲೆ ಕೈಬಿಟ್ಟಿದ್ದರು. ಇಲಾಖೆಯ ನೋಟಿಸುಗಳು ಯಾರೂ ಓದದೆ ಉಳಿದವು. ಅದಕ್ಕೂ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ತೆರಿಗೆದಾರರು ತಾವಾಗಿ ರಿಟರ್ನ್ ತಿದ್ದಿ, 1,045 ಕೋಟಿ ರೂಪಾಯಿಯ ತಪ್ಪು ಬೇಡಿಕೆ ಹಿಂತೆಗೆದುಕೊಂಡಿದ್ದರು ಅಂತ ಇಲಾಖೆಯೇ ಹೇಳಿತು.

ಕಿರಿಯಳು: ಆ ಜನರಲ್ಲಿ ಎಷ್ಟೋ ಮಂದಿ, ನಮಗೆ ಗೊತ್ತಿರಲಿಲ್ಲ, ಆಡಿಟರ್ ಹಾಕಿದ್ದು ಅಂದಿರಬೇಕು.

ಹಿರಿಯರು: ಹೇಳಿದರೂ ಪ್ರಯೋಜನ ಕಡಿಮೆ. 2018ರಲ್ಲೇ ಬೆಂಗಳೂರಿನ ಸಿಪಿಸಿ ಸಂಬಳದಾರರಿಗೆ ಎಚ್ಚರಿಕೆ ಕೊಟ್ಟಿತ್ತು, ಇಂಥ ಮಧ್ಯವರ್ತಿಗಳ ಮಾತಿಗೆ ಬಲಿಯಾಗಬೇಡಿ ಅಂತ. ಆದಾಯವನ್ನ ತಪ್ಪಾಗಿ ತೋರಿಸಿದ್ದು ಅಂತ ತೀರ್ಮಾನ ಆದರೆ 1961ರ ಆದಾಯ ತೆರಿಗೆ ಕಾಯ್ದೆಯ 270ಎ ಪ್ರಕಾರ ತೆರಿಗೆಯ 200 ಪ್ರತಿಶತದವರೆಗೂ ದಂಡ. ಸುಳ್ಳು ದೃಢೀಕರಣಕ್ಕೆ 277ನೇ ಕಲಮಿನಲ್ಲಿ ಜೈಲು ಶಿಕ್ಷೆಯೂ ಇದೆ. ಅಂಥ ರಿಟರ್ನ್‌ಗೆ ಪ್ರಚೋದನೆ, ನೆರವು ಕೊಟ್ಟವರಿಗೆ 278. ಹಾಗಾಗಿ ನಮ್ಮ ಕಡೆಗೂ ಕತ್ತಿ ಇದೆ. 2026ರ ಏಪ್ರಿಲ್ 1ರಿಂದ ಜಾರಿ ಅಂತ ನಿಗದಿಯಾದ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ. ರಿಟರ್ನ್‌ಗೆ ಹೊಣೆ ಅದನ್ನ ದೃಢೀಕರಿಸಿದವನದು ಅನ್ನೋ ತತ್ವ ಬದಲಾಗೋದಿಲ್ಲ.

ಕಿರಿಯಳು: ಹಾಗಾದರೆ ನನ್ನ ಆಫೀಸಿನಲ್ಲಿ ಪ್ರತಿಯೊಬ್ಬರ ಖಾತೆಗೂ ಅವರದ್ದೇ ಮೊಬೈಲ್, ಅವರದ್ದೇ ಇ-ಮೇಲ್. ಇ-ಮೇಲ್ ಇಲ್ಲದವರಿಗೆ ಮನೆಯವರದ್ದು, ಅವರ ಒಪ್ಪಿಗೆ ಕೇಳಿ.

ಹಿರಿಯರು: ಬೇಕಿದ್ದರೆ ಎರಡನೇ ಸಂಪರ್ಕದ ಜಾಗದಲ್ಲಿ ನಿನ್ನದು ಇರಲಿ, ನೋಟಿಸ್ ಬಂದರೆ ನಿನಗೂ ತಿಳಿಯುತ್ತೆ. ಮೊದಲನೇದು ಅವರದ್ದೇ ಇರಬೇಕು. ಇನ್ನು, ಬಹಳ ಕ್ಲೈಂಟುಗಳು ಇರೋ ಆಫೀಸಿಗೆ ಇ-ರಿಟರ್ನ್ ಮಧ್ಯವರ್ತಿ ಅಂತ ನೋಂದಣಿ ಮಾಡಿಕೊಳ್ಳೋ ದಾರಿ ಇದೆ. ಅಲ್ಲಿ ಕ್ಲೈಂಟನ್ನ ಸೇರಿಸಬೇಕಾದರೆ ಅವರ ಮೊಬೈಲಿಗೆ ಒಟಿಪಿ ಹೋಗಿ ಅವರು ಒಪ್ಪಬೇಕು. ಪಾಸ್‌ವರ್ಡ್ ಇಟ್ಟುಕೊಳ್ಳೋ ಅಗತ್ಯ ಬೀಳಲ್ಲ. ಪಾಸ್‌ವರ್ಡ್‌ಗಳನ್ನ ಒಂದು ಎಕ್ಸೆಲ್ ಶೀಟಿನಲ್ಲಿ ಬರೆದು ಎಲ್ಲಾ ಹುಡುಗರ ಕೈಗೂ ಕೊಡೋ ಪದ್ಧತಿ ನಿನ್ನ ಆಫೀಸಿಗೆ ಕಾಲಿಡದಿರಲಿ.

ಕಿರಿಯಳು: ಕಂಪನಿಗಳ ವಿಷಯ ಇನ್ನೂ ಬೇರೆ. ಅವು ಡಿಜಿಟಲ್ ಸಹಿಯಲ್ಲೇ, ಡಿಎಸ್‌ಸಿಯಲ್ಲೇ ದೃಢೀಕರಿಸಬೇಕು. ಆಫೀಸುಗಳ ಡ್ರಾಯರ್ ತೆಗೆದರೆ ಆ ಸಹಿ ಇರೋ ನಿರ್ದೇಶಕರ ಯುಎಸ್‌ಬಿ ಟೋಕನ್‌ಗಳ ರಾಶಿ. ಒಂದೊಂದಕ್ಕೂ ಹೆಸರಿನ ಚೀಟಿ. ಕೆಲವದಕ್ಕೆ ಪಿನ್ ಕೂಡ ಅದೇ ಚೀಟಿಯಲ್ಲಿ.

ಹಿರಿಯರು: ಅದನ್ನ ಕಂಡಾಗಲೆಲ್ಲಾ ಎದೆ ಝಲ್ಲೆನ್ನುತ್ತೆ. ಆ ಟೋಕನ್‌ನಿಂದ ಆದಾಯ ತೆರಿಗೆ ರಿಟರ್ನ್ ಮಾತ್ರ ಅಲ್ಲ, ಜಿಎಸ್‌ಟಿ, ಕಂಪನಿ ವ್ಯವಹಾರಗಳ ಸಚಿವಾಲಯದ ಫಾರಂಗಳು, ಸರ್ಕಾರಿ ಟೆಂಡರ್, ಎಲ್ಲದಕ್ಕೂ ಸಹಿ ಹಾಕಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮು ನೇರವಾಗಿ ಹೇಳುತ್ತೆ: ಖಾಸಗಿ ಕೀಲಿ ತನ್ನ ಹತೋಟಿಯಲ್ಲಿರೋ ಹಾಗೆ ನೋಡಿಕೊಳ್ಳೋದು ಪ್ರಮಾಣಪತ್ರ ಪಡೆದವನ ಕರ್ತವ್ಯ, ಅದು ಬೇರೆಯವರ ಕೈಗೆ ಹೋದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು. ಅದೇ ಕಾಯ್ದೆಯ 66ಸಿ, ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನ, ಪಾಸ್‌ವರ್ಡನ್ನ ಮೋಸದಿಂದ ಬಳಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅನ್ನುತ್ತೆ. ನೀನು ಮೋಸ ಮಾಡೋಳಲ್ಲ. ಆದರೆ ನಿನ್ನ ಆಫೀಸಿಗೆ ನಾಳೆ ಸೇರೋ ಹುಡುಗ ಯಾರು ಅಂತ ನಿನಗೆ ಗೊತ್ತಿಲ್ಲ. ಒಮ್ಮೆ ಏನಾದರೂ ಆದರೆ, ಟೋಕನ್ ನಿನ್ನ ಡ್ರಾಯರಲ್ಲಿತ್ತು ಅನ್ನೋದೇ ನಿನ್ನ ವಿರುದ್ಧ ಸಾಕ್ಷಿ.

ಕಿರಿಯಳು: ನಿರ್ದೇಶಕರು ಪ್ರತಿ ಸಲ ಬರೋಕೆ ಆಗಲ್ಲ ಅಂತಾರೆ.

ಹಿರಿಯರು: ಅವರೇ ಬರಬೇಕು ಅಂತಿಲ್ಲ. ಟೋಕನ್ ಅವರ ಕಂಪ್ಯೂಟರಿಗೆ ಚುಚ್ಚಿ, ಪಿನ್ ಅವರೇ ಒತ್ತಿ ಸಹಿ ಹಾಕಬಹುದು. ಎಲ್ಲಿ ಒತ್ತಬೇಕು ಅಂತ ನೀನು ಫೋನಲ್ಲಿ ಹೇಳಿಕೊಡು. ಮೊದಲ ಸಲ ಅರ್ಧ ಗಂಟೆ ಹಿಡಿಯುತ್ತೆ, ಎರಡನೇ ಸಲ ಐದು ನಿಮಿಷ. ಯಾವುದೋ ಕೆಲಸಕ್ಕೆ ಅಂತ ಟೋಕನ್ ಆಫೀಸಿಗೆ ಬಂದರೆ, ಬಂದ ದಿನ, ಯಾವ ಕೆಲಸಕ್ಕೆ, ವಾಪಸ್ ಹೋದ ದಿನ ಒಂದು ಪುಸ್ತಕದಲ್ಲಿ ಬರೆದು ರುಜು ತಗೊ. ಪಿನ್ ಮಾತ್ರ ಬರೆದುಕೊಳ್ಳಬೇಡ.

ಕಿರಿಯಳು: ಈಗ ಕಷ್ಟದ ಪ್ರಸಂಗಗಳಿಗೆ ಬರ್ತೀನಿ. ಈ ಊರಲ್ಲೇ ಕೇಳಿದ್ದು. ತಂದೆ ತೀರಿಕೊಂಡಿದ್ದಾರೆ. ಅವರ ಪೆನ್ಷನ್‌ಗೆ ಟಿಡಿಎಸ್ ಕಡಿತ ಆಗಿದೆ, ರೀಫಂಡ್ ಬರಬೇಕು. ತಂದೆಯ ಸಿಮ್ ಮಗನ ಹತ್ತಿರ ಇದೆ, ಆಧಾರ್ ಒಟಿಪಿ ಬರ್ತಾ ಇದೆ. ಅದರಲ್ಲೇ ಮುಗಿಸಿಬಿಡಿ ಅಂತ ಮಗ ಅಂತಾನೆ.

ಹಿರಿಯರು: ಮಗನ ಉದ್ದೇಶ ಒಳ್ಳೇದೇ ಇರಬಹುದು. ಆದರೆ ಸತ್ತವರು ದೃಢೀಕರಿಸೋಕೆ ಆಗಲ್ಲ. ಆ ಒಟಿಪಿ ಒತ್ತಿದರೆ, ಮರಣದ ನಂತರದ ದಿನಾಂಕದಲ್ಲಿ ಅವರೇ ಘೋಷಣೆ ಮಾಡಿದರು ಅಂತ ದಾಖಲಾಗುತ್ತೆ. ಕಾನೂನುಬದ್ಧ ದಾರಿ ಇದೆ. ಮಗ ತನ್ನ ಖಾತೆಯಿಂದಲೇ ಪೋರ್ಟಲ್‌ನಲ್ಲಿ ವಾರಸುದಾರ ಅಂತ ನೋಂದಾಯಿಸಿಕೊಳ್ಳಬೇಕು. ತಂದೆಯ ಪ್ಯಾನ್, ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ ಬೇಕು. ಇಲಾಖೆ ಒಪ್ಪಿದ ಮೇಲೆ ತಂದೆಯ ಪರವಾಗಿ ರಿಟರ್ನ್ ಸಲ್ಲಿಸಿ ತನ್ನ ಹೆಸರಲ್ಲೇ ದೃಢೀಕರಿಸಬಹುದು. ಒಂದಿಷ್ಟು ದಿನ ಹಿಡಿಯುತ್ತೆ. ದುಃಖದಲ್ಲಿರೋ ಮನೆಯವರಿಗೆ ಇದನ್ನ ತಾಳ್ಮೆಯಿಂದ ವಿವರಿಸೋದೂ ನಮ್ಮ ಕೆಲಸವೇ.

ಕಿರಿಯಳು: ಹಾಸಿಗೆ ಹಿಡಿದವರು, ನೆನಪು ಹೋದವರು?

ಹಿರಿಯರು: 1961ರ ಆದಾಯ ತೆರಿಗೆ ಕಾಯ್ದೆಯ 140ನೇ ಕಲಮು ಇವರನ್ನೆಲ್ಲಾ ಯೋಚನೆ ಮಾಡಿಯೇ ಬರೆದದ್ದು. ವ್ಯಕ್ತಿ ತಾನೇ ದೃಢೀಕರಿಸಬೇಕು ಅನ್ನೋದು ಸಾಮಾನ್ಯ ನಿಯಮ. ಮಾನಸಿಕ ಸಾಮರ್ಥ್ಯ ಇಲ್ಲದವರ ಪರವಾಗಿ ಪೋಷಕರು ಅಥವಾ ಅವರ ಪರ ವ್ಯವಹರಿಸೋಕೆ ಅರ್ಹರಾದವರು ಮಾಡಬಹುದು. ವಿದೇಶದಲ್ಲಿದ್ದರೆ, ಇಲ್ಲವೇ ಬೇರೆ ಯಾವುದೇ ಕಾರಣಕ್ಕೆ ತಾನೇ ಮಾಡೋಕೆ ಆಗದಿದ್ದರೆ, ಮುಖ್ತ್ಯಾರ್ ಪತ್ರ ಕೊಟ್ಟು ಇನ್ನೊಬ್ಬರಿಗೆ ಅಧಿಕಾರ ಕೊಡಬಹುದು. ಆ ಇನ್ನೊಬ್ಬರು ತಮ್ಮದೇ ಗುರುತಿನಿಂದ ದೃಢೀಕರಿಸ್ತಾರೆ. ಹಿಂದೂ ಅವಿಭಕ್ತ ಕುಟುಂಬಕ್ಕೆ ಕರ್ತ, ಪಾಲುದಾರಿಕೆಗೆ ಆಡಳಿತ ಪಾಲುದಾರ, ಕಂಪನಿಗೆ ವ್ಯವಸ್ಥಾಪಕ ನಿರ್ದೇಶಕ. ರಿಟರ್ನ್ ತುಂಬಿಕೊಟ್ಟವರು ಸಹಿ ಹಾಕಬಹುದು ಅಂತ ಎಲ್ಲೂ ಇಲ್ಲ.

ಕಿರಿಯಳು: ಅಮೆರಿಕದಲ್ಲೋ ದುಬೈಯಲ್ಲೋ ಇರೋ ನಮ್ಮ ಊರಿನವರದ್ದು ಇನ್ನೊಂದು ಪಾಡು. ಇಲ್ಲಿ ಬಾಡಿಗೆ ಮನೆ ಇದೆ, ರಿಟರ್ನ್ ಹಾಕಬೇಕು. ಆಧಾರ್‌ಗೆ ಜೋಡಿಸಿದ ಸಿಮ್ ಯಾವಾಗಲೋ ಬಂದ್ ಆಗಿದೆ. ಅದಕ್ಕೆ ಇಲ್ಲಿರೋ ತಮ್ಮನ ನಂಬರು ಹಾಕಿಸಿ, ಅವನಿಂದಲೇ ಎಲ್ಲಾ ಮಾಡಿಸ್ತಾರೆ.

ಹಿರಿಯರು: ಬೇಕಾಗಿಲ್ಲ. ಅವರ ಇಲ್ಲಿನ ಬ್ಯಾಂಕಿನ ನೆಟ್ ಬ್ಯಾಂಕಿಂಗ್ ಮೂಲಕ ಅಲ್ಲಿಂದಲೇ ದೃಢೀಕರಿಸಬಹುದು. ಅದೂ ಆಗದಿದ್ದರೆ ಐಟಿಆರ್-ವಿ ಪ್ರಿಂಟ್ ತೆಗೆದು ಸಹಿ ಹಾಕಿ ಬೆಂಗಳೂರು 560500ಕ್ಕೆ ಕಳಿಸಬಹುದು. ಆ ಹಳೇ ದಾರಿ ಇನ್ನೂ ತೆರೆದೇ ಇದೆ. 30 ದಿನದೊಳಗೆ ತಲುಪಬೇಕಾದ್ದರಿಂದ ಬೇಗ ಕಳಿಸಬೇಕು ಅಷ್ಟೇ. ತಡ ಆಗೋಕೆ ನಿಜವಾದ ಕಾರಣ ಇದ್ದರೆ ವಿಳಂಬ ಮನ್ನಿಸಿ ಅಂತ ಪೋರ್ಟಲ್‌ನಲ್ಲೇ ಕೋರಿಕೆ ಸಲ್ಲಿಸಬಹುದು.

ಕಿರಿಯಳು: ಕೊನೇ ಪ್ರಶ್ನೆ ಸರ್, ನನ್ನನ್ನ ಬಹಳ ಕಾಡೋದು ಇದೇ. ಎಷ್ಟೋ ಹಿರಿಯರು ಹೇಳ್ತಾರೆ, “ನಿನ್ನ ಮೇಲೆ ನಂಬಿಕೆ ಇದೆಯಮ್ಮ, ನೋಡೋದೇನಿದೆ?” ಅಂತ. ಆಗ ಒತ್ತಾಯ ಮಾಡಿ ತೋರಿಸಿದರೆ ಅವರ ನಂಬಿಕೆಗೆ ಅವಮಾನ ಮಾಡಿದ ಹಾಗೆ ಅನ್ನಿಸುತ್ತೆ.

ಹಿರಿಯರು: ನಂಬಿದವರಿಗೇ ಹೆಚ್ಚು ತೋರಿಸಬೇಕು ಅಮ್ಮ. ಅನುಮಾನ ಇರೋನು ಕೇಳಿ ತಿಳಿದುಕೊಳ್ತಾನೆ. ನಂಬಿದವನು ಕೇಳಲ್ಲ, ಅದಕ್ಕೇ ಅವನ ರಿಟರ್ನ್‌ನಲ್ಲಿ ತಪ್ಪು ಉಳಿಯೋ ಅಪಾಯ ಜಾಸ್ತಿ. ನೀನು ತಪ್ಪೇ ಮಾಡದವಳಾದರೂ ಅವನ ಹೆಂಡತಿಯ ಹೆಸರಲ್ಲಿರೋ ಠೇವಣಿ, ಮಾರಿದ ಸೈಟು ನಿನಗೆ ಹೇಗೆ ಗೊತ್ತಾಗಬೇಕು? ಒಂದು ಮಾತು ಹೇಳು ಅವರಿಗೆ: “ನಂಬಿಕೆ ಇದೆ ಅಂತ ಗೊತ್ತು, ಆದರೆ ಇಲ್ಲಿ ಹೆಸರು ನಿಮ್ಮದು. ನಾಲ್ಕು ನಿಮಿಷ ಕೊಡಿ, ಓದಿ ಹೇಳ್ತೀನಿ.” ನನ್ನ ಅನುಭವದಲ್ಲಿ ಯಾರೂ ಬೇಜಾರು ಮಾಡಿಕೊಂಡಿಲ್ಲ. ಮುಂದಿನ ವರ್ಷ ಅವರೇ ಕಾಗದಗಳನ್ನ ಜೋಡಿಸಿ ತಂದಿದ್ದಾರೆ.

ಕಿರಿಯಳು: ಹಾಗೂ ಒಪ್ಪದೆ, ಇಲ್ಲದ ದೇಣಿಗೆ ತೋರಿಸಿ, ಒಟಿಪಿ ಕೊಡ್ತೀನಿ ಅಂದರೆ?

ಹಿರಿಯರು: ಕಾಗದ ವಾಪಸ್ ಕೊಟ್ಟು ಕೈ ಮುಗಿ. ಆ ಒಬ್ಬರು ಹೋದರೆ ಆಫೀಸು ಮುಚ್ಚಿಹೋಗಲ್ಲ. ಸುಳ್ಳು ರೀಫಂಡ್ ಕೊಡಿಸೋ ಆಫೀಸು ಅಂತ ಹೆಸರು ಬಂದರೆ ಮುಚ್ಚಿಹೋಗುತ್ತೆ. ರೀಫಂಡ್‌ನಲ್ಲಿ ಇಷ್ಟು ಪ್ರತಿಶತ ಅಂತ ಶುಲ್ಕ ಮಾತಾಡೋದನ್ನೂ ಬಿಡು. ನಿನ್ನ ಶುಲ್ಕ ಅವರ ರೀಫಂಡಿನ ಜೊತೆ ಬೆಳೆಯೋಕೆ ಶುರುವಾದರೆ, ತೋರಿಸಿ ಒಪ್ಪಿಗೆ ಪಡೆಯೋ ಮನಸ್ಸು ಮೊದಲು ಕರಗುತ್ತೆ.

ಕಿರಿಯಳು: ನನ್ನ ಆಫೀಸಿನ ಗೋಡೆಗೆ ಹಾಕೋ ಮಾತುಗಳನ್ನ ಈಗಲೇ ಬರೆದುಕೊಂಡೆ ಸರ್. ತೋರಿಸದೆ ಒಟಿಪಿ ಕೇಳೋದಿಲ್ಲ. ಲೆಕ್ಕ ಬದಲಾದರೆ ಮತ್ತೆ ಕೇಳ್ತೀವಿ. ನಿಮ್ಮ ಮೊಬೈಲ್, ನಿಮ್ಮ ಇ-ಮೇಲ್, ನಿಮ್ಮ ಟೋಕನ್ ನಿಮ್ಮ ಹತ್ತಿರವೇ ಇರಲಿ. ಸ್ವೀಕೃತಿ ಪತ್ರ ಮತ್ತು ಪೂರ್ತಿ ರಿಟರ್ನ್‌ನ ಪ್ರತಿ ಅದೇ ದಿನ ನಿಮ್ಮ ಕೈಗೆ.

ಹಿರಿಯರು: ಅದನ್ನ ಬಾಗಿಲ ಎದುರಿಗೇ ಹಾಕು, ಬಂದವರು ಓದಲಿ. ರಿಟರ್ನ್ ಹಾಕಿಸೋರಿಗೂ ನಾನು ಕೇಳಿಕೊಳ್ಳೋದು ಒಂದೇ. ಈ ವರ್ಷ ನಿಮ್ಮ ಆಡಿಟರ್ ಫೋನ್ ಮಾಡಿ ಒಟಿಪಿ ಕೇಳಿದಾಗ, ಕೊಡೋ ಮೊದಲು ನನ್ನ ಆದಾಯ ಎಷ್ಟು ತೋರಿಸಿದ್ದೀರಿ, ಯಾವ ಕಡಿತ ಕೇಳಿದ್ದೀರಿ, ರೀಫಂಡ್ ಎಷ್ಟು ಅಂತ ಮೂರು ಪ್ರಶ್ನೆ ಕೇಳಿ. ಒಳ್ಳೇ ಆಡಿಟರ್ ಸಂತೋಷದಿಂದ ಉತ್ತರ ಕೊಡ್ತಾರೆ. ಉತ್ತರ ಕೊಡೋಕೆ ಹಿಂದೆಮುಂದೆ ನೋಡಿದರೆ ಆ ಆರು ಅಂಕಿಯನ್ನ ಕೊಡಬೇಡಿ.